ಹಸಿರು ಚುಕ್ಕೆ ಹೇಳದ ಮಾತು

(ಮಹಿಳಾ ಸಮಾಜವೊಂದರ ಸಭೆಯಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹರೂಪ)



ಹಾಲು ಒಗ್ಗದವರಿಗೆ, ಅಲರ್ಜಿ ಇರುವವರಿಗೆ ಎಂದು ಈಚೆಗೆ ಅಂಗಡಿಗೆ ಬಂದಿರುವ ಪೊಟ್ಟಣದ ತಿಂಡಿ ತಿನಿಸುಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿದ್ದೀರಿ. ಅಡುಗೆಯ ವಿಷಯದಲ್ಲಿ ನಿಮ್ಮೆದುರು ಬಾಯಿ ತೆರೆಯುವ ಅರ್ಹತೆ ನನಗಿಲ್ಲ. ಪತ್ರಿಕೆಯ ಕೆಲಸ ಕಲಿಸಿದ್ದು ಒಂದೇ ವಿದ್ಯೆ. ಅಚ್ಚಾದದ್ದನ್ನು ಓದುವುದು, ಇದನ್ನು ಯಾರು ಬರೆದರು, ಏಕೆ ಬರೆದರು ಎಂದು ಕೇಳುವುದು. ಆದ್ದರಿಂದ ಪೊಟ್ಟಣದ ಒಳಗಿರುವ ತಿಂಡಿಗಿಂತ ಅದರ ಮೇಲಿರುವ ಅಕ್ಷರಗಳ ಬಗ್ಗೆಯೇ ಇಂದು ಹೆಚ್ಚು ಮಾತಾಡುತ್ತೇನೆ.

ಪಟ್ಟಣದ ಯಾವುದೇ ದೊಡ್ಡ ಅಂಗಡಿಗೆ ಹೋಗಿ ನೋಡಿ. ಓಟ್ಸ್, ಬಾದಾಮಿ, ಸೋಯಾ, ತೆಂಗಿನಕಾಯಿಯಿಂದ ಮಾಡಿದ ಪಾನೀಯಗಳು ಸಾಲಾಗಿ ನಿಂತಿವೆ. ಹಾಲಿಲ್ಲದ ಐಸ್‌ಕ್ರೀಮ್ ಇದೆ, ಹಾಲಿಲ್ಲದ ಚಾಕೊಲೇಟ್ ಇದೆ, ಗೋಧಿ ಬೆರೆಸದ ಇಂಗೂ ಇದೆ. ಹಾಲು ಸೋಕಿದರೆ ಮೈಯೆಲ್ಲ ದದ್ದು ಏಳುವ ಮಗುವಿನ ತಾಯಿಗೆ ಇದು ಸಣ್ಣ ಸಂಗತಿಯಲ್ಲ. ನೆಂಟರ ಮನೆಯ ಹುಟ್ಟುಹಬ್ಬದಲ್ಲಿ ತನ್ನ ಮಗುವೂ ಎಲ್ಲರೊಡನೆ ಕುಳಿತು ಒಂದು ತುಂಡು ಕೇಕ್ ತಿನ್ನಬಹುದು ಎಂಬುದು ಆಕೆಗೆ ದೊಡ್ಡ ನೆಮ್ಮದಿ.

ಆದರೆ ಆ ನೆಮ್ಮದಿಯನ್ನು ಕೊಡಬೇಕಾದದ್ದು ಪೊಟ್ಟಣದ ಮೇಲಿನ ಗುರುತು. ಅಲ್ಲಿ ಹಸಿರು ಚುಕ್ಕೆ ಇದೆ, 'ವೀಗನ್' ಎಂಬ ಮಾತಿದೆ, 'ಲ್ಯಾಕ್ಟೋಸ್ ಇಲ್ಲ' ಎಂಬ ಮಾತಿದೆ, 'ಹಾಲು ಇರಬಹುದು' ಎಂಬ ಸಣ್ಣ ಅಕ್ಷರದ ಸಾಲೂ ಇದೆ. ಇವು ನಾಲ್ಕೂ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಯಾವುದು ಯಾವ ಪ್ರಶ್ನೆಗೆ ಉತ್ತರ ಎಂದು ತಿಳಿಯದಿದ್ದರೆ ಗುರುತಿದ್ದೂ ಅಪಾಯ ತಪ್ಪದು.

ಆಗಿಬರದಿರುವುದು ಎರಡು ಬಗೆ

'ನನಗೆ ಹಾಲು ಆಗಿಬರುವುದಿಲ್ಲ' ಎಂಬ ಮಾತು ನಮ್ಮಲ್ಲಿ ಹೊಸದಲ್ಲ. ಗಾಯವಾದಾಗ ಬದನೆಕಾಯಿ ನಂಜು ಎನ್ನುತ್ತೇವೆ. ಬಾಣಂತಿಗೆ ಪಥ್ಯ ಇಡುತ್ತೇವೆ. ಆಯುರ್ವೇದದಲ್ಲಿ 'ಸಾತ್ಮ್ಯ' ಎಂಬ ಮಾತಿದೆ; ಒಬ್ಬರ ದೇಹಕ್ಕೆ ಒಗ್ಗಿದ್ದು ಎಂದು ಅರ್ಥ. ಪ್ರಾಚೀನ ಗ್ರೀಸ್‌ನಲ್ಲಿ ಹಿಪ್ಪೊಕ್ರಟಿಸನ ಹೆಸರಿನಲ್ಲಿರುವ ವೈದ್ಯ ಗ್ರಂಥವೂ ಗಿಣ್ಣು ಕೆಲವರಿಗೆ ಬಲ ಕೊಡುತ್ತದೆ, ಕೆಲವರಿಗೆ ಕೇಡು ಮಾಡುತ್ತದೆ ಎಂದು ಗುರುತಿಸಿತ್ತು. 'ಅಲರ್ಜಿ' ಎಂಬ ಪದ ಮಾತ್ರ ಈಚಿನದು. ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಅದನ್ನು ಟಂಕಿಸಿದ.

ನಮ್ಮ 'ಆಗಿಬರುವುದಿಲ್ಲ' ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಅಡಗಿವೆ. ಮೊದಲನೆಯದು ಹಾಲಿನ ಸಕ್ಕರೆಯ ವಿಷಯ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಮೊಲೆಹಾಲು ಬಿಟ್ಟ ಮೇಲೆ ಬಹಳ ಜನರಲ್ಲಿ ಇದು ಕ್ರಮೇಣ ಕಡಿಮೆಯಾಗುತ್ತದೆ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಹೀಗಿದ್ದಾರೆ. ನಮ್ಮ ದೇಶದಲ್ಲಿ ಹಾಲನ್ನು ಅರಗಿಸಿಕೊಳ್ಳುವ ಅನುವಂಶೀಯ ಗುಣ ವಾಯವ್ಯ ಭಾಗದಲ್ಲಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ. ಲೋಟ ತುಂಬ ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿ. ಆದರೆ ಮಜ್ಜಿಗೆಯನ್ನ ಉಂಡರೆ ಏನೂ ಇಲ್ಲ. ಹೆಪ್ಪು ಹಾಕಿದಾಗ ಸೂಕ್ಷ್ಮಜೀವಿಗಳು ಈ ಸಕ್ಕರೆಯ ಒಂದು ಪಾಲನ್ನು ತಾವೇ ಮುಗಿಸಿರುತ್ತವೆ. ಊಟದ ಕೊನೆಗೆ ಮಜ್ಜಿಗೆ ಎಂಬ ನಮ್ಮ ಪದ್ಧತಿ ದಕ್ಷಿಣದವರ ಹೊಟ್ಟೆಗೆ ಒಗ್ಗುವಂಥದೇ ಆಗಿದೆ.

ಎರಡನೆಯದು ಹಾಲಿನ ಪ್ರೋಟೀನಿನ ವಿಷಯ. ಇದೇ ನಿಜವಾದ ಅಲರ್ಜಿ. ಕೇಸೀನ್, ಹಾಲೊಡಕಿನ ಪ್ರೋಟೀನ್ ಮುಂತಾದವನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ತಿಳಿದು ತಿರುಗಿ ಬೀಳುತ್ತದೆ. ದದ್ದು, ವಾಂತಿ, ತುಟಿ ಕಣ್ಣುಗಳ ಊತ. ತೀವ್ರವಾದಾಗ ಉಸಿರು ಕಟ್ಟಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಇಲ್ಲಿ ಲೋಟದ ಲೆಕ್ಕವಿಲ್ಲ. ಕೆಲವರಿಗೆ ಚಮಚಕ್ಕೆ ಅಂಟಿದ್ದೇ ಸಾಕು. ಮೊಸರೂ ಆಗದು, ಮೇಕೆಯ ಹಾಲೂ ಬಹುಪಾಲು ಆಗದು, ಏಕೆಂದರೆ ಎರಡರ ಪ್ರೋಟೀನುಗಳೂ ಒಂದನ್ನೊಂದು ಬಹಳ ಹೋಲುತ್ತವೆ. 'ಎ2 ಹಾಲು' ಎಂದು ದುಬಾರಿ ಬೆಲೆಗೆ ಮಾರುವುದೂ ಇಂಥವರಿಗೆ ಹಾಲೇ. 'ಲ್ಯಾಕ್ಟೋಸ್ ಇಲ್ಲ' ಎಂದು ಬರೆದ ಹಾಲೂ ಹಾಲೇ; ಸಕ್ಕರೆ ಒಡೆದಿದೆ, ಪ್ರೋಟೀನ್ ಹಾಗೇ ಇದೆ. ಮೊದಲನೆಯ ಬಗೆಯವರಿಗೆ ವರವಾದ ಪೊಟ್ಟಣ ಎರಡನೆಯ ಬಗೆಯವರಿಗೆ ವಿಷವಾಗುವುದು ಹೀಗೆ.

ಇಂಥವರು ಎಷ್ಟು ಜನ? ಕರ್ನಾಟಕದ ವಯಸ್ಕರ ಬಗ್ಗೆ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ರಕ್ತ ಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಪ್ರತಿಕ್ರಿಯೆ ತೋರಿಸಿದವರು ಶೇ 26.5. ಆದರೆ ತಿಂದಾಗ ತೊಂದರೆಯೂ ಆಗಿ, ಪರೀಕ್ಷೆಯೂ ಅದಕ್ಕೆ ಹೊಂದಿ, ಅಲರ್ಜಿ ಇರುವ ಸಂಭವವಿರುವವರು ಶೇ 1.2 ಮಾತ್ರ. ಕಾರಣಗಳ ಮೊದಲ ಸಾಲಿನಲ್ಲಿ ನಿಂತದ್ದು ಹಸುವಿನ ಹಾಲು ಮತ್ತು ಸೇಬು. ಇದರಿಂದ ಎರಡು ಪಾಠ. ಬರೀ ರಕ್ತ ಪರೀಕ್ಷೆಯ ಕಾಗದ ನೋಡಿ ಮಗುವಿಗೆ ಹತ್ತು ಪದಾರ್ಥ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಹಾಗೆಯೇ, ಶೇ 1.2 ಎಂದರೆ ಅಲ್ಪ ಎಂದೂ ತಿಳಿಯಬೇಡಿ. ನೂರು ಜನ ಕುಳಿತ ಮದುವೆಯ ಪಂಕ್ತಿಯಲ್ಲಿ ಒಬ್ಬರು ಎಂದು ಅರ್ಥ.

ಬರದಿಂದ ಹೊಳೆಗೆ

ಹಾಲಿಲ್ಲದ ಹಾಲು ನಮಗೆ ಹೊರಗಿನಿಂದ ಬಂದ ಹೊಸ ಪದಾರ್ಥವೇ? ನಮ್ಮ ಅಡುಗೆಮನೆ ಹಾಗೆನ್ನುವುದಿಲ್ಲ. ಒತ್ತುಶಾವಿಗೆಗೆ ಕಾಯಿಹಾಲು, ಗಸಗಸೆ ಪಾಯಸ, ನೆನೆಸಿ ರುಬ್ಬಿ ಸೋಸಿದ ರಾಗಿಯ ಹಾಲಿನಿಂದ ಮಾಡಿದ ಹಾಲುಬಾಯಿ, ಕರಾವಳಿಯ ರಾಗಿ ಮಣ್ಣಿ. ಹಸುವಿನ ಹಾಲನ್ನು ಮುಟ್ಟದೆಯೇ ಇವನ್ನು ಮಾಡಬಹುದು. ಹಿಂಡಿದಾಗ ಬೆಳ್ಳಗೆ ಇಳಿಯುವುದನ್ನೆಲ್ಲ ಕನ್ನಡ 'ಹಾಲು' ಎಂದೇ ಕರೆದಿದೆ.

ಕಾರ್ಖಾನೆಯ ಹಾಲಿನ ಬದಲಿಗೂ ನಮ್ಮಲ್ಲೊಂದು ಹಳೆಯ ಕತೆ ಇದೆ. ಅದು ಹುಟ್ಟಿದ್ದು ಬರದಿಂದ. ಅಂದು ಹಾಲು ಎಲ್ಲ ಮಕ್ಕಳಿಗೆ ಸಾಲುತ್ತಿರಲಿಲ್ಲ. 1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಸುಬ್ರಹ್ಮಣ್ಯನ್ ಮತ್ತು ಅವರ ಸಂಗಡಿಗರು ಸೋಯಾ ಹಾಲಿನ ಮೇಲೆ ಕೆಲಸ ಮಾಡಿದರು. ಹೊರಗೂ ಅದೇ ಕಾಲ. ಹಾಂಗ್‌ಕಾಂಗ್‌ನಲ್ಲಿ 1940ರಲ್ಲಿ ಕೆ.ಎಸ್. ಲೋ ಎಂಬುವರು ಬಡವರಿಗೆ ಪೌಷ್ಟಿಕ ಆಹಾರವಾಗಲೆಂದು ಸೋಯಾ ಹಾಲನ್ನು ಸೀಸೆಯಲ್ಲಿ ಮಾರತೊಡಗಿದರು. 1950ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಆರಂಭವಾದಾಗ ಸುಬ್ರಹ್ಮಣ್ಯನ್ ಅವರೇ ಅದರ ಮೊದಲ ನಿರ್ದೇಶಕರು. ಮುಂದೆ ಆ ಸಂಸ್ಥೆ ಕಡಲೆಕಾಯಿಯ ಪ್ರೋಟೀನನ್ನು ಬೇರ್ಪಡಿಸಿ ಹಾಲಿಗೆ ಸೇರಿಸಿ, ಇದ್ದ ಹಾಲನ್ನೇ ಹೆಚ್ಚು ಮಕ್ಕಳಿಗೆ ಹಂಚುವಂತೆ ಮಾಡಿತು. ಅದರ ಹೆಸರು 'ಮಿಲ್ಟೋನ್'.

ಅಂದಿನ ಪ್ರಶ್ನೆ 'ಹಾಲು ಎಲ್ಲರಿಗೂ ಹೇಗೆ ಮುಟ್ಟಬೇಕು' ಎಂಬುದು. ಆದ್ದರಿಂದ ಮಿಲ್ಟೋನ್ ಪುಣ್ಯದ ಕೆಲಸವಾಗಿತ್ತು. ಇಂದಿನ ಕಾನೂನಿನಂತೆ ಅದನ್ನು ಪೊಟ್ಟಣ ಕಟ್ಟಿದರೆ ಎರಡು ಎಚ್ಚರಿಕೆ ಬರೆಯಬೇಕು: ಹಾಲು ಇದೆ, ಕಡಲೆಕಾಯಿ ಇದೆ. ಪದಾರ್ಥ ಬದಲಾಗಲಿಲ್ಲ, ಪ್ರಶ್ನೆ ಬದಲಾಯಿತು.

ಪ್ರಶ್ನೆ ಬದಲಾದದ್ದು ಹೇಗೆ? 1970ರಲ್ಲಿ ಕ್ಷೀರಧಾರೆ ಯೋಜನೆ ಆರಂಭವಾಯಿತು. 1998ರ ಹೊತ್ತಿಗೆ ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ಹಾಲು ಉತ್ಪಾದಿಸುವ ದೇಶವಾಯಿತು. ಮಿಕ್ಕ ಹಾಲು ಪುಡಿಯಾಯಿತು. ಪುಡಿ ಕೆಡುವುದಿಲ್ಲ, ರುಚಿ ಕೊಡುತ್ತದೆ, ಬಣ್ಣ ಕೊಡುತ್ತದೆ. ಹೀಗಾಗಿ ಅದು ಬಿಸ್ಕತ್ತಿಗೆ, ಬ್ರೆಡ್ಡಿಗೆ, ಆಲೂಗಡ್ಡೆ ಚಿಪ್ಸ್‌ಗೆ ಸವರುವ ಮಸಾಲೆಗೆ, ಸೂಪಿನ ಪುಡಿಗೆ ಸದ್ದಿಲ್ಲದೆ ಸೇರಿತು. ಇನ್ನೊಂದೆಡೆ ಅಡುಗೆಯೇ ಪೊಟ್ಟಣಕ್ಕೆ ಬಂತು. ಬೆಂಗಳೂರಿನ ಎಂ.ಟಿ.ಆರ್. 1975ರ ತುರ್ತುಪರಿಸ್ಥಿತಿಯ ದಿನಗಳಲ್ಲಿ ಹೋಟೆಲು ಕಷ್ಟಕ್ಕೆ ಸಿಕ್ಕಾಗ ಸಿದ್ಧ ಮಿಶ್ರಣಗಳತ್ತ ತಿರುಗಿದ್ದು ನಿಮಗೆ ತಿಳಿದೇ ಇದೆ.

ಮನೆಯ ಒಲೆಯ ಮುಂದೆ ಕೇಳುವ ಪ್ರಶ್ನೆಗೆ ಉತ್ತರ ಸುಲಭ. 'ಅತ್ತೆ, ಇದಕ್ಕೆ ಹಾಲು ಹಾಕಿದ್ದೀರಾ?' ಎಂದರೆ ಸಾಕು. ಪೊಟ್ಟಣವನ್ನು ಹಾಗೆ ಕೇಳಲಾಗದು. ಅದಕ್ಕಾಗಿಯೇ ಕಾನೂನು ಬರಬೇಕಾಯಿತು.

ಚುಕ್ಕೆಯ ಅರ್ಥ

ನಮ್ಮ ಕಾನೂನು ಎಲ್ಲರ ಕಣ್ಣಿಗೆ ಬೀಳುವಂತೆ ಮೊದಲು ಉತ್ತರಿಸಿದ್ದು ಆಚಾರದ ಪ್ರಶ್ನೆಗೆ. ಸಸ್ಯಾಹಾರಕ್ಕೆ ಹಸಿರು ಚುಕ್ಕೆ ಕಡ್ಡಾಯವಾದದ್ದು 2001ರ ನಿಯಮದಿಂದ. ಅದು ಒಳ್ಳೆಯ ಗುರುತು. ಓದು ಬಾರದವರೂ, ಮಕ್ಕಳೂ ಗುರುತಿಸಬಲ್ಲರು. ಚೌಕದೊಳಗೊಂದು ಹಸಿರು ಬಿಂದು, ಅಷ್ಟೆ.

ಆದರೆ ಅದರ ಅರ್ಥವನ್ನು ಗಮನಿಸಿ. ಮಾಂಸ, ಮೀನು, ಮೊಟ್ಟೆ ಮಾಂಸಾಹಾರ ಎನ್ನುವ ನಿಯಮ ಹಾಲನ್ನೂ ಹಾಲಿನ ಪದಾರ್ಥಗಳನ್ನೂ ಜೇನನ್ನೂ ಅದರಿಂದ ಹೊರಗಿಟ್ಟಿದೆ. ನಮ್ಮ ಸಂಸ್ಕೃತಿಯಲ್ಲಿ ಹಾಲು ಅಭಿಷೇಕಕ್ಕೆ ಸಲ್ಲುವ ವಸ್ತು. ಕಾನೂನು ಆ ನಂಬಿಕೆಯನ್ನು ಗೌರವಿಸಿತು, ಅದರಲ್ಲಿ ತಪ್ಪಿಲ್ಲ. ಕಷ್ಟ ಬರುವುದು ಶುದ್ಧವಾದದ್ದೆಲ್ಲ ಸುರಕ್ಷಿತ ಎಂದು ನಾವು ತಿಳಿದಾಗ. ಹಸಿರು ಚುಕ್ಕೆ ವ್ರತದವರಿಗೆ ಉತ್ತರ ಹೇಳುತ್ತದೆ. ಹಾಲಿನ ಅಲರ್ಜಿ ಇರುವ ಮಗುವಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಆ ಉತ್ತರವನ್ನು ಒಂದೇ ಪಟ್ಟಿಯಾಗಿ ಕಡ್ಡಾಯ ಮಾಡಿದ್ದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಾವಳಿ. ಅದರಲ್ಲಿ ಎಂಟು ಗುಂಪುಗಳಿವೆ. ಗ್ಲುಟೆನ್ ಇರುವ ಗೋಧಿ, ರೈ, ಬಾರ್ಲಿ, ಓಟ್ಸ್ ಮೊದಲಾದ ಧಾನ್ಯಗಳು, ಸೀಗಡಿ, ಏಡಿಯಂಥವು, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಬಾದಾಮಿ, ಗೋಡಂಬಿಯಂಥ ಬೀಜಗಳು, ಸೋಯಾ, ಕಿಲೋಗ್ರಾಮಿಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಲ್ಫೈಟ್. ಇವುಗಳಲ್ಲಿ ಯಾವುದು ಪದಾರ್ಥದಲ್ಲಿದ್ದರೂ 'ಇದೆ' ಎಂದು ಬೇರೆಯಾಗಿ ಬರೆಯಬೇಕು. ಕಾರ್ಖಾನೆಯಲ್ಲಿ ಅಕಸ್ಮಾತ್ ಬೆರೆಯುವ ಸಂಭವವಿದ್ದರೆ 'ಇರಬಹುದು' ಎಂದು ಬರೆಯಬಹುದು.

ಪಟ್ಟಿ ಪೂರ್ಣವಲ್ಲ. ಸಂಕ್ರಾಂತಿಗೆ ನಾವು ಬೀರುವ ಎಳ್ಳು ಇದರಲ್ಲಿಲ್ಲ. 2016ರಲ್ಲಿ ಬ್ರಿಟನ್ನಿನ ನತಾಶಾ ಎಡ್ನನ್ ಲಪರೂಸ್ ಎಂಬ 15 ವರ್ಷದ ಹುಡುಗಿ ಸತ್ತದ್ದು, ಲೇಬಲ್ಲಿನಲ್ಲಿ ಹೆಸರಿಸದ ಎಳ್ಳಿದ್ದ ಬ್ರೆಡ್ಡು ತಿಂದು. ಅವಳ ತಂದೆತಾಯಿ ಪಟ್ಟು ಹಿಡಿದ ಫಲವಾಗಿ, ಅಂಗಡಿಯಲ್ಲೇ ಮಾಡಿ ಮಾರುವ ಪೊಟ್ಟಣಕ್ಕೂ ಪೂರ್ಣ ಪಟ್ಟಿ ಬೇಕೆಂಬ ನಿಯಮ ಅಲ್ಲಿ 2021ರಲ್ಲಿ ಜಾರಿಗೆ ಬಂತು. ಅಮೆರಿಕ 2023ರಿಂದ ಎಳ್ಳನ್ನು ತನ್ನ ಪಟ್ಟಿಗೆ ಸೇರಿಸಿತು. ಪೊಟ್ಟಣದ ಸಣ್ಣ ಅಕ್ಷರಗಳ ಹಿಂದೆ ಇಂಥ ಮನೆಗಳ ದುಃಖವಿದೆ.

ಹೊಸ ಪೊಟ್ಟಣ ಓದುವ ಬಗೆ

ಈಗ ಅಂಗಡಿಯ ಆ ಸಾಲಿಗೆ ಬರೋಣ. 'ವೀಗನ್' ಎಂದರೆ ಪ್ರಾಣಿಜನ್ಯ ಪದಾರ್ಥ ಯಾವುದನ್ನೂ ಹಾಕಿಲ್ಲ ಎಂದು. ನಮ್ಮಲ್ಲಿ ಇದಕ್ಕೆ ಪ್ರತ್ಯೇಕ ನಿಯಮಾವಳಿ ಬಂದದ್ದು 2022ರಲ್ಲಿ. ಅದು ತಯಾರಕರು ಏನು ಹಾಕಿದರು ಎಂಬುದರ ಮಾತು. ಅಲರ್ಜಿಯವರಿಗೆ ಬೇಕಾದದ್ದು ಏನು ಸೇರಿಕೊಂಡಿತು ಎಂಬ ಮಾತೂ ಹೌದು. ಇವೆರಡರ ನಡುವಿನ ಅಂತರ ಎಷ್ಟೆಂದು 2017ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ತಿಳಿಯಿತು. ಹಾಲಿನ ಅಲರ್ಜಿ ಇದ್ದ ಮಹಿಳೆಯೊಬ್ಬರು ತರಕಾರಿ ಸುತ್ತಿದ ರೊಟ್ಟಿಯೊಂದನ್ನು ತಿಂದು ಪ್ರಾಣ ಬಿಟ್ಟರು. ಅದರಲ್ಲಿದ್ದದ್ದು ತೆಂಗಿನಕಾಯಿಯಿಂದ ಮಾಡಿದ, ಹಾಲಿಲ್ಲವೆಂದು ನಂಬಿದ್ದ ಮೊಸರು. 2022ರ ಮರಣ ವಿಚಾರಣೆಯಲ್ಲಿ ಹೊರಬಿದ್ದ ಸತ್ಯವೆಂದರೆ, ಆ ಮೊಸರಿಗೆ ಬಳಸಿದ ಪಿಷ್ಟಕ್ಕೆ ತಯಾರಿಕೆಯ ಹಂತದಲ್ಲಿ ಹಾಲಿನ ಪ್ರೋಟೀನ್ ಬೆರೆತಿತ್ತು. ಯಾರೂ ಬೇಕೆಂದು ಹಾಕಿರಲಿಲ್ಲ.

ಚಾಕೊಲೇಟಿನದೂ ಇದೇ ಪಾಡು. ಅಮೆರಿಕದ ಆಹಾರ ಇಲಾಖೆ ಹಾಲನ್ನು ಪದಾರ್ಥವಾಗಿ ನಮೂದಿಸದ 88 ಕಪ್ಪು ಚಾಕೊಲೇಟುಗಳನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. 51ರಲ್ಲಿ ಹಾಲು ಸಿಕ್ಕಿತು. ಹಾಲು ಚಾಕೊಲೇಟು ಹರಿದ ಯಂತ್ರದಲ್ಲೇ ಕಪ್ಪು ಚಾಕೊಲೇಟೂ ಹರಿಯುವುದು ಇದಕ್ಕೊಂದು ಮುಖ್ಯ ಕಾರಣ. ಆದ್ದರಿಂದ 'ಇರಬಹುದು' ಎಂಬ ಸಾಲನ್ನು ಕಂಪನಿಯವರ ಜಾಣತನ ಎಂದು ತಳ್ಳಿಹಾಕಬೇಡಿ.

ಇನ್ನು, ಹಾಲಿನ ಬದಲಿಗೆ ಬಂದಿರುವ ಪದಾರ್ಥಗಳನ್ನೇ ನೋಡಿ. ಸೋಯಾ, ಬಾದಾಮಿ, ಗೋಡಂಬಿ, ಓಟ್ಸ್: ಎಲ್ಲವೂ ಆ ಎಂಟರ ಪಟ್ಟಿಯಲ್ಲೇ ಇವೆ. ಒಂದು ಮಗುವಿಗೆ ಆಸರೆಯಾದದ್ದು ಪಕ್ಕದ ಮಗುವಿಗೆ ಅಪಾಯ. ಹಾಗಾಗಿ 'ಅಲರ್ಜಿಯವರಿಗೆ ಒಳ್ಳೆಯದು' ಎಂಬ ಒಟ್ಟು ಮಾತಿಗೆ ಅರ್ಥವಿಲ್ಲ. ಯಾವ ಅಲರ್ಜಿಯವರಿಗೆ ಎಂದು ಕೇಳಬೇಕು. ಅಂಗಡಿಯ ಇಂಗಿನ ಡಬ್ಬಿಯನ್ನೇ ತಿರುಗಿಸಿ ನೋಡಿ. ಬಹಳಷ್ಟು ಇಂಗಿಗೆ ಗೋಧಿ ಹಿಟ್ಟು ಬೆರೆತಿರುತ್ತದೆ. ಗೋಧಿ ಆಗದವರು ಅನ್ನ ಸಾರು ಉಂಡು ನರಳುವುದಕ್ಕೆ ಕಾರಣ ಒಗ್ಗರಣೆಯಲ್ಲೇ ಇರಬಹುದು. ಅಕ್ಕಿ ಹಿಟ್ಟು ಬೆರೆಸಿದ ಇಂಗು ಈಗ ಸಿಗುತ್ತದೆ.

ಮತ್ತೊಂದು ಮಾತನ್ನು ಒತ್ತಿ ಹೇಳಬೇಕು. ಬಾದಾಮಿ, ಓಟ್ಸ್, ಅಕ್ಕಿಯ ಪಾನೀಯಗಳು ಕೂಸಿನ ಆಹಾರವಲ್ಲ. ಬಣ್ಣ ಬಿಳಿಯಾದರೂ ಅವುಗಳಲ್ಲಿ ಕೂಸಿಗೆ ಬೇಕಾದ ಪೋಷಕಾಂಶವಿಲ್ಲ. ವರ್ಷ ತುಂಬದ ಮಗುವಿಗೆ ಹಾಲು ಒಗ್ಗದಿದ್ದರೆ ಅದಕ್ಕೆಂದೇ ಸಿದ್ಧಪಡಿಸಿದ ಆಹಾರವಿದೆ, ಅದನ್ನು ವೈದ್ಯರೇ ಹೇಳಬೇಕು. ಮಕ್ಕಳ ಹಾಲಿನ ಅಲರ್ಜಿ ಬಹುಪಾಲು ದೊಡ್ಡವರಾಗುತ್ತ ಹೋಗುತ್ತದೆ ಎಂಬುದು ಸಮಾಧಾನದ ಸುದ್ದಿ. ಹೋಯಿತೇ ಇಲ್ಲವೇ ಎಂದು ಮನೆಯಲ್ಲೇ ಪರೀಕ್ಷೆ ಮಾಡಬಾರದು, ಅಷ್ಟೆ.

ಯಾರು ಓದಬೇಕು?

ಕೊನೆಯದಾಗಿ, ನಾನು ಹೇಳಲೇಬೇಕೆಂದು ಬಂದ ಮಾತು. ನಿಯಮದ ಪ್ರಕಾರ ಪೊಟ್ಟಣದ ಮೇಲಿನ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆ ಬೇಕಿದ್ದರೆ ಸೇರಿಸಬಹುದು. ಹಸಿರು ಚುಕ್ಕೆಯನ್ನು ಓದಲು ಅಕ್ಷರವೇ ಬೇಡ. ಆದರೆ 'ಕಂಟೇನ್ಸ್ ಮಿಲ್ಕ್' ಎಂಬುದನ್ನು ಓದಲು ಇಂಗ್ಲಿಷ್ ಬೇಕು, ಕನ್ನಡಕವೂ ಬೇಕು. 'ಕೇಸಿನೇಟ್' ಎಂದರೆ ಹಾಲಿನದೇ ಪ್ರೋಟೀನ್ ಎಂದು ತಿಳಿಯಲು ವಿಜ್ಞಾನವೂ ಬೇಕು. ಆಚಾರದ ಗುರುತು ಎಲ್ಲರಿಗೂ ಕಾಣುತ್ತದೆ. ಪ್ರಾಣದ ಗುರುತು ಕೆಲವರಿಗೆ ಮಾತ್ರ.

ಮಗುವನ್ನು ನೋಡಿಕೊಳ್ಳುವವರು ಯಾರು ಎಂದು ಯೋಚಿಸಿ. ಅಜ್ಜಿ, ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಅಡುಗೆಯವರು, ಪಕ್ಕದ ಮನೆಯ ಅಕ್ಕ. ರಾಜ್ಯದಲ್ಲಿ 2013ರಲ್ಲಿ ಕ್ಷೀರಭಾಗ್ಯ ಆರಂಭವಾಗಿ ಶಾಲೆಯ ಮಕ್ಕಳಿಗೆ 150 ಮಿಲಿಲೀಟರ್ ಹಾಲು ಸಿಗುವಂತಾಯಿತು. ಹಸಿದ ಮಕ್ಕಳಿಗೆ ಅದು ದೊಡ್ಡ ಆಸರೆ. ಆದರೆ ಸಾಲಿನಲ್ಲಿ ನಿಂತ ಯಾವ ಮಗುವಿಗೆ ಹಾಲು ಕೊಡಬಾರದು ಎಂಬುದು ಲೋಟ ಕೊಡುವವರಿಗೆ ತಿಳಿದಿರಬೇಕು. ತಾಯಂದಿರು ಅದನ್ನು ಶಾಲೆಗೆ ಬರೆದು ಕೊಡಬೇಕು. 'ಹಾಲು ಕುಡಿಯದ ಮಗು ಹಟಮಾರಿ' ಎಂದು ಮುಖಕ್ಕೆ ಲೋಟ ಹಿಡಿಯುವ ಮೊದಲು ಒಂದು ಕ್ಷಣ ಯೋಚಿಸಬೇಕು.

2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ, ಇಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಆದೇಶಿಸಿತು. ಅದನ್ನು ಭಾಷಾಭಿಮಾನದ ಮಾತೆಂದಷ್ಟೇ ನೋಡಬೇಕಿಲ್ಲ. ದೊಡ್ಡ ಅಕ್ಷರದ ಹೆಸರು ಕನ್ನಡದಲ್ಲಿದ್ದು, 'ಹಾಲು ಇದೆ, ಕಡಲೆಕಾಯಿ ಇರಬಹುದು' ಎಂಬ ಸಣ್ಣ ಸಾಲು ಇಂಗ್ಲಿಷಿನಲ್ಲೇ ಉಳಿದರೆ ನಾವು ಗೆದ್ದದ್ದು ಬರೀ ಹೊದಿಕೆಯನ್ನು. ನಾಲ್ಕೈದು ಪದಗಳ ಆ ಸಾಲೇ ಮೊದಲು ಕನ್ನಡಕ್ಕೆ ಬರಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಹೆಚ್ಚು ಕಾಗದವೂ ಬೇಡ.

ನಿಮ್ಮಂಥ ಸಂಘಗಳು ಇದನ್ನು ಕೇಳಬಹುದು. ನಮ್ಮೂರಿನಲ್ಲೇ ಚಕ್ಕುಲಿ, ನಿಪ್ಪಟ್ಟು, ಸಾರಿನ ಪುಡಿ ಮಾಡಿ ಮಾರುವ ಸ್ವಸಹಾಯ ಗುಂಪುಗಳು ಬೇಕಾದಷ್ಟಿವೆ. ನಿಮ್ಮಲ್ಲೂ ಹಲವರು ಅದರಲ್ಲಿದ್ದೀರಿ. ದೊಡ್ಡ ಕಂಪನಿಗಳಿಗೆ ಕಾಯದೆ ನಿಮ್ಮ ಚೀಟಿಯ ಮೇಲೆ ಮೊದಲು ಬರೆಯಿರಿ: 'ಬೆಣ್ಣೆ ಇದೆ', 'ಎಳ್ಳು ಇದೆ', 'ಇದೇ ಬಾಣಲೆಯಲ್ಲಿ ಕಡಲೆಕಾಯಿ ಕರಿದಿದ್ದೇವೆ.' ಓದಿದ ತಾಯಿಯೊಬ್ಬಳು ಪೊಟ್ಟಣವನ್ನು ತಿರುಗಿ ಅಂಗಡಿಯ ಸಾಲಿನಲ್ಲೇ ಇಟ್ಟು ಹೋದರೆ ನಿಮಗೆ ಒಂದು ಪೊಟ್ಟಣದ ನಷ್ಟ. ಆದರೆ ಅವಳು ಮುಂದಿನ ಸಲ ನಿಮ್ಮ ಅಂಗಡಿಗೇ ಬರುತ್ತಾಳೆ, ಇಲ್ಲಿ ಇದ್ದದ್ದನ್ನು ಇದ್ದಹಾಗೆ ಬರೆಯುತ್ತಾರೆ ಎಂದು.

ಪ್ರಶ್ನೆಗಳಿದ್ದರೆ ಕೇಳಿ. ಮನೆಯಿಂದ ಪೊಟ್ಟಣ ತಂದವರಿದ್ದರೆ ಕೊಡಿ, ಒಟ್ಟಿಗೆ ಕುಳಿತು ಓದೋಣ.